ನೋಡೋಣ ಅಂದ್ರು

ಬ್ರೆಡ್ಡಣ್ಣ ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಎಂದವನಲ್ಲ. ಬೇಕರಿಯ ಭಟ್ಟಿಯ ಮುಂದೆ ನಿಂತು ನಿಂತೇ ತಲೆ ನರೆತ ಆ ಮನುಷ್ಯನ ಬಾಯಲ್ಲಿ ಆ ಪದವೇ ಹುಟ್ಟುತ್ತಿರಲಿಲ್ಲ. ಹುಟ್ಟುತ್ತಿದ್ದದ್ದು ಒಂದೇ ಮಾತು, ‘ನೋಡೋಣ’. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮಗಳು ಚಿಕ್ಕವಳಿದ್ದಾಗ ಸೈಕಲ್ ಕೇಳಿದಳು, ನೋಡೋಣ ಎಂದ. ಮಗಳು ದೊಡ್ಡವಳಾದಳು, ಸೈಕಲ್ ಮಾತ್ರ ಬರಲಿಲ್ಲ. ಹೆಂಡತಿ ಅಡುಗೆಮನೆಗೊಂದು ಕಿಟಕಿ ಇಡಿಸಿ ಎಂದಳು, ನೋಡೋಣ ಎಂದ. ಒಗ್ಗರಣೆಯ ಘಾಟು ಇವತ್ತಿಗೂ ನಡುಮನೆಯನ್ನೆಲ್ಲ ಸುತ್ತಿಕೊಂಡೇ ಬೀದಿಗೆ ಹೋಗುತ್ತದೆ. ಒಂದು ಸಲ ಸಮುದ್ರ ತೋರಿಸಿ ಎಂದದ್ದಕ್ಕೂ ನೋಡೋಣ ಎಂದಿದ್ದ. “ಸಮುದ್ರ ನೋಡೋಣ ಅಂದ್ರೋ, ಹೋಗೋದನ್ನ ನೋಡೋಣ ಅಂದ್ರೋ” ಎಂದು ಮಗಳು ಎಷ್ಟೋ ದಿನ ಅಣಕಿಸಿಕೊಂಡು ಓಡಾಡಿದ್ದಳು.

“ಅವನು ನೋಡೋಣ ಅಂದ ಅಂದ್ರೆ ಕಣ್ಣು ಮುಚ್ಕೊಂಡ ಅಂತ ಅರ್ಥ” ಎಂದು ಅವನ ತಾಯಿಯೇ ಹೇಳುತ್ತಿದ್ದಳು. “ಅವರಪ್ಪನಿಗೂ ಇದೇ ಚಾಳಿ ಇತ್ತು. ಬಳುವಳಿ.”

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಬ್ರೆಡ್ಡಣ್ಣನನ್ನು ಯಾರೂ ನೇರ ಕೇಳುವಂತಿಲ್ಲ. ಹಾಗಂತ ಅವನು ಗದರುವವನೇನಲ್ಲ, ಗದರಲು ಮಾತಾದರೂ ಆಡಬೇಕಲ್ಲ. ಯಾವ ಅರ್ಜಿಯಾದರೂ ಹೆಂಡತಿಯ ಮೂಲಕ, ಊಟ ಬಡಿಸುವ ಹೊತ್ತಿನಲ್ಲೇ ಹೋಗಬೇಕು. ಅವಳು ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆ ಇಸ್ತ್ರಿ ಮಾಡುವವಳು, ಬೀದಿಗೆಲ್ಲ ಇಸ್ತ್ರಿಯಕ್ಕ. ಅವಳು ತಟ್ಟೆಗೆ ಅನ್ನ ಹಾಕುತ್ತಾ ಕೇಳುವುದು, ಅವನು ಕಲಸುತ್ತಾ ತಲೆ ಎತ್ತದೆ ‘ನೋಡೋಣ’ ಎನ್ನುವುದು, ಅವಳು ಒಳಗೆ ಬಂದು “ನೋಡೋಣ ಅಂದ್ರು” ಎನ್ನುವುದು. ಅಲ್ಲಿಗೆ ಆ ವಿಷಯಕ್ಕೆ ಎಳ್ಳುನೀರು. ಯಾರೂ ಅಳುತ್ತಿರಲಿಲ್ಲ, ಎರಡನೇ ಸಲ ಕೇಳುತ್ತಲೂ ಇರಲಿಲ್ಲ.

ಇಂಥ ಮನೆಯಲ್ಲಿ ಗೂಬೆಗೆ ಗಡಿಯಾರದ ಕಾಲೇಜು ಸಿಕ್ಕಿತು.

ಗೂಬೆ ಎಂದರೆ ಮಗಳು. ದಪ್ಪ ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಓದುತ್ತಾ ಕೂರುತ್ತಾಳೆಂದು ಅಜ್ಜಿ ಇಟ್ಟ ಹೆಸರು. ಗಡಿಯಾರದ ಕಾಲೇಜು ಎಂದರೆ ದೊಡ್ಡ ಪಟ್ಟಣದಲ್ಲಿರುವ, ಗೋಪುರದ ಮೇಲೆ ಗಡಿಯಾರ ಕೂತಿರುವ ಕಾಲೇಜು. ಅಲ್ಲಿ ಸೀಟು ಸಿಗುವುದೆಂದರೆ ಸುಮ್ಮನೆ ಅಲ್ಲ. ಬೇಕರಿ ಮಾಲೀಕನ ಮಗ ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ಮುಖ ಸಣ್ಣದು ಮಾಡಿಕೊಂಡು ಬಂದಿದ್ದ. ಗೂಬೆಗೆ ಇನ್ನೊಂದು ಕಡೆಯೂ ಸಿಕ್ಕಿತ್ತು. ಅದು ಊರಾಚೆಯ ಶೆಡ್ಡು ಕಾಲೇಜು. ಹಿಂದೆ ಟಯರ್ ಗೋದಾಮಾಗಿದ್ದ ಕಟ್ಟಡ, ತಗಡಿನ ಸೂರು. ಅಲ್ಲಿ ಬಾಗಿಲು ತೆರೆದಿದ್ದಾಗ ಒಳಗೆ ಹೋದವರಿಗೆಲ್ಲ ಸೀಟು ಎಂದು ಜನ ನಗುತ್ತಿದ್ದರು. ಗೂಬೆಗೆ ಓದಬೇಕೆಂದಿದ್ದದ್ದು ಗಣಿತ. ಶೆಡ್ಡಿನಲ್ಲಿ ಗಣಿತ ಹೇಳುವ ಮೇಷ್ಟ್ರು ಬಿಟ್ಟು ಹೋಗಿ ಯಾವುದೋ ಕಾಲವಾಗಿತ್ತು. ಅಲ್ಲಿ ಸಿಗುವುದು ಲೆಕ್ಕಪತ್ರ ಬರೆಯುವ ಓದು ಒಂದೇ.

ಸುದ್ದಿ ಬಂದ ಬೆಳಿಗ್ಗೆ ಇಸ್ತ್ರಿಯಕ್ಕ ಯಾರದೋ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು. ಮಗಳು ಮೊಬೈಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು.

“ಸಿಕ್ತು ಅಮ್ಮ.”

“ಯಾವುದು?”

“ಎರಡೂ.”

ಇಸ್ತ್ರಿಯಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮಗಳು ಹೊರಟರೆ ಆ ಮನೆಯಲ್ಲಿ ಮಾತಾಡುವವರು ಯಾರು ಎಂದು ಆ ಕ್ಷಣದಲ್ಲೇ ಅನ್ನಿಸಿತ್ತು. ಗಂಡನಂತೂ ಗೋಡೆ. ಅತ್ತೆ ಮಾತಾಡುತ್ತಾಳೆ, ಆದರೆ ಅವಳ ಮಾತಿಗೆ ಬಾಯಷ್ಟೇ ಇದೆ, ಕಿವಿಯಿಲ್ಲ.

ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ಅಲ್ಲಾಡಿಸಿದಳು. “ಗೂಬೆ ಗೋಪುರದ ಮೇಲೇ ಕೂತ್ಕೋಬೇಕು ಕಣೇ. ಶೆಡ್ಡಲ್ಲಿ ಕೂತ್ರೆ ಅದು ಬಾವಲಿ.”

ನಕ್ಕದ್ದಾಯಿತು. ಆಮೇಲೆ ಎದುರಿಗೆ ಬಂದು ನಿಂತದ್ದು ಒಂದೇ ಪ್ರಶ್ನೆ, ಅಲ್ಲಿ ಇರುವುದು ಎಲ್ಲಿ? ಗಡಿಯಾರದ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹಾಸ್ಟೆಲ್ ಇಲ್ಲ. ಹೊರಗೆ ರೂಮು ಹಿಡಿದರೆ ಬ್ರೆಡ್ಡಣ್ಣನ ಸಂಬಳವನ್ನು ಹಾಗೇ ತೆಗೆದುಕೊಂಡು ಹೋಗಿ ಬಾಡಿಗೆಗೆ ಸುರಿಯಬೇಕು. ಇವರು ಗಾಳಿ ಕುಡಿದು ಬದುಕಬೇಕು.

ಆ ಪಟ್ಟಣದಲ್ಲಿ ಅವರಿಗೆ ಒಂದು ಮನೆ ಇಲ್ಲದಿರಲಿಲ್ಲ. ಬ್ರೆಡ್ಡಣ್ಣನ ಸ್ವಂತ ಅಣ್ಣ ಅಲ್ಲಿದ್ದ. ಆದರೆ ಅವನ ಸುದ್ದಿಯನ್ನು ಯಾರೂ ಎತ್ತುವ ಹಾಗಿರಲಿಲ್ಲ. ಬ್ರೆಡ್ಡಣ್ಣ ದಿನವೂ ಬೆವರು ಸುರಿಸುವ ಭಟ್ಟಿ ಅವರಪ್ಪ ಕಟ್ಟಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಒಂದು ಮಾತೂ ಕೇಳದೆ ಅಂಗಡಿಯನ್ನು ಭಟ್ಟಿ ಸಮೇತ ಮಾರಿ ಪಟ್ಟಣ ಸೇರಿಕೊಂಡ. ತಮ್ಮ ತನ್ನಪ್ಪನ ಭಟ್ಟಿಯ ಮುಂದೆಯೇ ಬೇರೆಯವರ ಆಳಾಗಿ ನಿಂತ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಹೋಗಿಬರುವುದೂ ಇಲ್ಲ, ಮಾತೂ ಇಲ್ಲ. ಮಧ್ಯದಲ್ಲಿ ನವೆದವಳು ಅಜ್ಜಿ. ಹಿರಿಮಗನ ಹೆಸರು ಹಿಡಿದರೆ ಕಿರಿಮಗ ಊಟ ಬಿಟ್ಟು ಏಳುತ್ತಾನೆಂದು ಅವಳು ಆ ಹೆಸರನ್ನು ನುಂಗಿಕೊಂಡೇ ಮುದುಕಿಯಾಗಿದ್ದಳು.

ಗೂಬೆ ನಾಲ್ಕು ದಿನ ತಾಯಿಯ ಹಿಂದೆ ಹಿಂದೆ ಸುತ್ತಿದಳು.

“ಅಮ್ಮ, ಅಪ್ಪನ್ನ ಕೇಳ್ತೀಯಾ?”

“ಏನಂತ ಕೇಳ್ಲಿ?”

“ಏನೋ ಒಂದು. ಯಾರ ಮನೇಲಾದ್ರೂ ಇರೋಕೆ ಆಗುತ್ತಾ ಅಂತ.”

“ಯಾರ ಮನೆ ಇದೆ ನಮಗಲ್ಲಿ?”

ಮಗಳು ಸುಮ್ಮನೆ ನೋಡಿದಳು. ಇಸ್ತ್ರಿಯಕ್ಕ ಪ್ಯಾಂಟಿನ ಗೆರೆಯನ್ನು ಸರಿಮಾಡುವ ನೆವದಲ್ಲಿ ತಲೆ ತಗ್ಗಿಸಿದಳು. “ಆ ಮಾತೆತ್ತಿದ್ರೆ ಇವತ್ತಿನ ಊಟಾನೂ ಇಲ್ಲ, ನಾಳೆಯದ್ದೂ ಇಲ್ಲ.”

“ನಾನು ಸಂಜೆ ಪಾಠ ಹೇಳ್ಕೊಡ್ತೀನಿ ಅಮ್ಮ. ಅಲ್ಲೇ ಕೆಲಸ ಮಾಡ್ತೀನಿ. ಮಲಗೋಕೆ ಒಂದು ಜಾಗ ಸಾಕು. ನೀನು ಒಂದು ಸಲ ಕೇಳು, ಅಷ್ಟೇ.”

ಆ ಸಂಜೆ ಇಸ್ತ್ರಿಯಕ್ಕ ಕೇಳಿದಳು. ಬ್ರೆಡ್ಡಣ್ಣ ಸ್ನಾನ ಮಾಡಿ ಬಂದು ಕೂತಿದ್ದ, ಮೊಣಕೈವರೆಗೂ ಸುಟ್ಟ ಕಲೆಗಳು. ಅವಳು ಅನ್ನ ಬಡಿಸಿದಳು, ಮೊಟ್ಟೆಯ ಪಲ್ಯ ಬಡಿಸಿದಳು. ಎಂದಿಗಿಂತ ಒಂದು ಸೌಟು ಹೆಚ್ಚೇ ಹಾಕಿದಳು.

“ರೀ, ಅವಳು ಗಡಿಯಾರದ ಕಾಲೇಜಿಗೇ ಹೋಗ್ಬೇಕು ಅಂತಿದ್ದಾಳೆ. ಅಲ್ಲಿ ಇರೋಕೆ ಒಂದು ಜಾಗ ಆದ್ರೆ ಸಾಕಂತೆ.”

ಬ್ರೆಡ್ಡಣ್ಣನ ಕೈ ನಿಂತಿತು. ಅನ್ನ ಕಲಸುವುದನ್ನು ಬಿಟ್ಟು ತಲೆ ಎತ್ತಿದ. ಹೆಂಡತಿಯನ್ನು ನೋಡಿದ, ಮೂಲೆಯಲ್ಲಿ ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ ತಾಯಿಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ನೋಡೋಣ” ಎಂದ.

ಅವನು ತಲೆ ಎತ್ತಿ ಆ ಮಾತು ಹೇಳಿದ್ದು ಇದೇ ಮೊದಲು. ಇಸ್ತ್ರಿಯಕ್ಕ ಅದನ್ನು ಗಮನಿಸಿದಳು, ಸುಳ್ಳಲ್ಲ. ಒಂದು ಗಳಿಗೆ ಸೌಟು ಹಿಡಿದು ನಿಂತೂ ನಿಂತಳು. ಕಾಲೇಜಿನ ಆಯ್ಕೆಗೆ ಇಂಥ ದಿನವೇ ಕೊನೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ‘ನೋಡೋಣ’ ಬಂದಾಗಿತ್ತು. ‘ಇಲ್ಲ’ಕ್ಕೆ ತಾರೀಖು ಹೇಳಿ ಏನು ಪ್ರಯೋಜನ ಎಂದುಕೊಂಡು ಒಳಗೆ ಹೋದಳು.

ಅಡುಗೆಮನೆಯ ಕತ್ತಲಲ್ಲಿ ಮಗಳು ಗೋಡೆಗೊರಗಿ ನಿಂತಿದ್ದಳು.

“ನೋಡೋಣ ಅಂದ್ರು” ಎಂದಳು ಇಸ್ತ್ರಿಯಕ್ಕ.

ಗೂಬೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು. ಹಾಕಿಕೊಂಡಳು. ಮತ್ತೆ ತೆಗೆದು ಒರೆಸಿದಳು. “ಸರಿ” ಎಂದಳು. ಆಮೇಲೆ ತಟ್ಟೆಗಳನ್ನು ತೊಳೆಯಲು ಕೂತಳು.

ಮರುವಾರದಿಂದ ಮನೆಯ ಹದ ಕೆಟ್ಟಿತು. ಹುಡುಗಿ ಊಟಕ್ಕೆ ಕರೆದರೆ ಬರುತ್ತಾಳೆ, ಎರಡು ತುತ್ತು ತಿಂದು ಏಳುತ್ತಾಳೆ. ಮಡಿಸಿದ ಬಟ್ಟೆಗಳನ್ನು ಮನೆಮನೆಗೆ ಕೊಟ್ಟು ಬಾ ಎಂದರೆ ಕೊಟ್ಟು ಬರುತ್ತಾಳೆ, ಒಂದು ಮನೆಯ ಬಟ್ಟೆ ಇನ್ನೊಂದು ಮನೆಗೆ. ಪೋಸ್ಟ್‌ಮನ್ ಚಡ್ಡಿ ನರ್ಸಮ್ಮನ ಮನೆ ಸೇರಿ ಬೀದಿಯೆಲ್ಲ ನಕ್ಕಿತು, ಅವಳೊಬ್ಬಳು ನಗಲಿಲ್ಲ. ಗಣಿತದ ಪುಸ್ತಕಗಳನ್ನು ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದಳು.

ಇತ್ತ ಬ್ರೆಡ್ಡಣ್ಣನ ವರಸೆಯೂ ಬದಲಾಯಿತು. ಗುರುವಾರ ಅವನಿಗೆ ರಜೆ. ರಜೆಯ ದಿನ ಹೊದ್ದು ಮಲಗುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದವನು ಈಗ ಬೆಳಿಗ್ಗೆಯೇ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಡುತ್ತಿದ್ದ. ಬರುವಾಗ ಕತ್ತಲಾಗಿರುತ್ತಿತ್ತು, ಮುಖ ಇಳಿದಿರುತ್ತಿತ್ತು.

“ಎಲ್ಲಿಗೆ ಹೋಗಿದ್ರಿ?”

“ಕೆಲಸ ಇತ್ತು.”

“ಬ್ರೆಡ್ಡು ಯಾರಿಗೆ?”

ಅವನು ಆಗಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ.

“ಯಾರನ್ನಾದ್ರೂ ಇಟ್ಕೊಂಡಿದ್ದಾನೇನೋ ನೋಡೇ” ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. “ಒಂದು ಬ್ರೆಡ್ಡಿಗೆ ಒಲಿಯೋಳು ಯಾವಳಿರಬಹುದು ಅಂತೀನಿ.”

“ನಗೋ ಹೊತ್ತಾ ಅತ್ತೆ ಇದು?” ಇಸ್ತ್ರಿಯಕ್ಕನಿಗೆ ಮೈಯೆಲ್ಲ ಉರಿಯಿತು. ಎರಡನೇ ಗುರುವಾರ ಗಂಡ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಶುರುಮಾಡಿದಳು. “ಮಗಳು ಒಳಗೊಳಗೇ ಕರಗಿ ಹೋಗ್ತಿದ್ದಾಳೆ. ನೀವು ಅಂಗಿ ಮಡಿಕೆ ಮುರೀದ ಹಾಗೆ ಊರು ಸುತ್ಕೊಂಡು ಬರ್ತೀರ. ಅಪ್ಪ ಅನ್ನಿಸ್ಕೊಂಡೋರು ಒಂದು ಸಲನಾದ್ರೂ ಅವಳ ಮುಂದೆ ಕೂತು ಮಾತಾಡಿದ್ದೀರಾ?”

ಬ್ರೆಡ್ಡಣ್ಣ ಬಾಗಿಲ ಚೌಕಟ್ಟನ್ನು ಬೆರಳಿನಿಂದ ಟೊಕ್ ಟೊಕ್ ಎಂದು ತಟ್ಟಿದ. ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ತಳ ತಟ್ಟಿ ನೋಡುವ ಅಭ್ಯಾಸ, ಮಾತು ಬಾರದಾಗ ಸಿಕ್ಕಿದ್ದನ್ನೆಲ್ಲ ತಟ್ಟುವುದು. “ಮಾತಾಡೋಕೆ ಏನಾದ್ರೂ ಬೇಕಲ್ಲ” ಎಂದ.

“ಏನೂ ಇಲ್ದಿದ್ರೆ ಇಲ್ಲ ಅಂತಾದ್ರೂ ಹೇಳಿ. ಅಷ್ಟು ಧೈರ್ಯ ಬೇಡ್ವಾ ಗಂಡಸಿಗೆ?”

ಅವನು ತಾಯಿಯ ಕಡೆ ನೋಡಿದ. ಅಜ್ಜಿ ಕಿವಿ ನಿಮಿರಿಸಿಕೊಂಡು ಕೂತಿದ್ದಳು. ಅವನು ಕೈಕಾಲು ತೊಳೆಯಲು ಹೋದ.

ಆಯ್ಕೆಯ ಕೊನೆಯ ದಿನವೂ ಗುರುವಾರವೇ ಬಂತು. ಅಂದೂ ಅವನು ಬ್ರೆಡ್ಡು ಸುತ್ತಿಕೊಂಡು ಹೊರಟುಹೋಗಿದ್ದ. ಫೋನನ್ನು ಎಂದಿನಂತೆ ಗೂಟಕ್ಕೆ ನೇತುಹಾಕಿಯೇ ಹೋಗಿದ್ದ. ಹಿಟ್ಟು ಹೊಕ್ಕು ಹಾಳಾಗುತ್ತದೆಂದು ಅದನ್ನು ಜೊತೆಗೆ ಒಯ್ಯುವ ರೂಢಿಯೇ ಅವನಿಗಿರಲಿಲ್ಲ.

ಸಂಜೆ ಐದರೊಳಗೆ ಎರಡು ಕಾಲೇಜುಗಳಲ್ಲಿ ಒಂದನ್ನು ಮೊಬೈಲಿನಲ್ಲಿ ಒತ್ತಬೇಕು. ಒತ್ತದಿದ್ದರೆ ಎರಡೂ ಹೋಗುತ್ತವೆ. ಗೂಬೆ ಇಸ್ತ್ರಿಯ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಮಧ್ಯಾಹ್ನದಿಂದ ಕೂತೇ ಇದ್ದಳು. ಮೇಜಿನ ಮೇಲೆ ಯಾವುದೋ ಹೋಟೆಲಿನ ಹಾಸಿಗೆ ಬಟ್ಟೆಗಳ ರಾಶಿ.

“ಅಮ್ಮ, ಅಪ್ಪ ಬರ್ಲಿ, ಇನ್ನೊಂದು ಸಲ ಕೇಳೋಣ್ವಾ?”

“ಬರೋದು ಕತ್ತಲಾದ ಮೇಲೆ.”

“ಬೇಕರಿಗೆ ಹೋಗಿ ವಿಚಾರಿಸ್ತೀನಿ. ಎಲ್ಲಿಗೆ ಹೋಗಿದ್ದಾರೆ ಅಂತ ಅಲ್ಲಿ ಯಾರಿಗಾದ್ರೂ ಗೊತ್ತಿರುತ್ತೆ.”

“ಕೇಳಿದ್ದೀನಲ್ಲ. ನೋಡೋಣ ಅಂದಿದ್ದಾರಲ್ಲ. ಇನ್ನೆಷ್ಟು ಸಲ ಕೇಳ್ಲಿ ಹೇಳು. ಕಲ್ಲಿಗೆ ತಲೆ ಚಚ್ಕೊಂಡ್ರೆ ಕಲ್ಲಿಗೇನು?” ಅವಳ ದನಿ ಜೋರಾಯಿತು. ಆಮೇಲೆ ತಾನಾಗಿ ಮೆತ್ತಗಾಯಿತು. “ಶೆಡ್ಡಾದ್ರೆ ಏನಾಯ್ತು ಪುಟ್ಟಾ? ಓದೋರಿಗೆ ಎಲ್ಲಿದ್ರೂ ಓದು. ಮನೆ ಊಟ ಇರುತ್ತೆ. ನಾನಿರ್ತೀನಿ.”

‘ನಾನಿರ್ತೀನಿ’ ಎಂದಾಗ ಅವಳಿಗೇ ನಾಚಿಕೆಯಾಯಿತು. ಒಳಗಿದ್ದ ಆಸೆ ಬಾಯಿಗೆ ಬಂದುಬಿಟ್ಟಿತ್ತು. ಮಗಳು ಹತ್ತಿರವೇ ಉಳಿಯಲಿ ಎಂಬ ಆಸೆ ಅಷ್ಟು ಕೆಟ್ಟದ್ದೇ? ಅಲ್ಲ. ಆದರೆ ಅದೇ ಆಸೆ ಅವಳ ಕಾಲನ್ನು ಬೇಕರಿಯ ಕಡೆ ಹೋಗದಂತೆ ಹಿಡಿದಿತ್ತು, ಅದೂ ನಿಜ.

ಅಜ್ಜಿ ಒಳಗಿನಿಂದ ಕೂಗಿದಳು. “ಒತ್ತಬೇಡ ಕಣೇ ಗೂಬೆ. ನಿಮ್ಮಪ್ಪ ಬರ್ಲಿ, ನಾನೇ ಕೇಳ್ತೀನಿ. ಹೆತ್ತೋಳು ಕೇಳಿದ್ರೆ ಏನಂತಾನೋ ನೋಡ್ತೀನಿ.”

“ಏನಂತಾರೆ ಅಜ್ಜಿ? ನೋಡೋಣ ಅಂತಾರೆ” ಎಂದಳು ಗೂಬೆ.

ಗೂಬೆ ಮೊಬೈಲಿನ ಮೇಲೆ ಬಗ್ಗಿದಳು. ಶೆಡ್ಡು ಕಾಲೇಜಿನ ಹೆಸರು ಒತ್ತಿದಳು. ‘ಖಚಿತವೇ?’ ಎಂದು ಅದು ಕೇಳಿತು, ಅವಳು ಹೌದು ಎಂದು ಒತ್ತಿದಳು. ಮೊಬೈಲನ್ನು ಹಾಸಿಗೆ ಬಟ್ಟೆಗಳ ಮೇಲೆ ಬೋರಲು ಹಾಕಿ, “ಇದರಲ್ಲಿ ಯಾವುದು ಮಡಿಸಬೇಕು ಹೇಳು” ಎಂದಳು. ತಾಯಿ ಮಗಳು ಒಂದೊಂದು ತುದಿ ಹಿಡಿದು ಬಟ್ಟೆ ಮಡಿಸಿದರು. ಮಡಿಸುವಾಗ ಎರಡು ತುದಿಗಳೂ ಕೂಡುತ್ತವೆ, ಕೈಗೆ ಕೈ ತಾಗುತ್ತದೆ. ಹುಡುಗಿಯ ಬೆರಳುಗಳು ತಣ್ಣಗಿದ್ದವು.

ದೀಪ ಹಾಕುವ ಹೊತ್ತಿಗೆ ಬ್ರೆಡ್ಡಣ್ಣ ಬಂದ. ಎಂದಿನಂತೆ ಸದ್ದಿಲ್ಲದೆ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೆಮ್ಮಿದ. ಅಂಗಿಯ ಮಡಿಕೆ ಮುರಿದಿತ್ತು, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಬ್ರೆಡ್ಡು ಸುತ್ತಿದ ಬಟ್ಟೆ ಖಾಲಿಯಾಗಿ ಜೋತಿತ್ತು. ನಡುಮನೆಯಲ್ಲಿ ಮೂವರೂ ಹೆಂಗಸರಿದ್ದರು. ಅವನು ಮಗಳ ಕಡೆ ತಿರುಗಿ, ಯಾರ ಮಧ್ಯಸ್ಥಿಕೆಯೂ ಇಲ್ಲದೆ, ನೇರ ಅವಳಿಗೇ ಹೇಳಿದ.

“ಆಯ್ತು.”

ಆ ಮನೆಯ ಗೋಡೆಗಳು ಆ ಬಾಯಿಂದ ಆ ಪದ ಕೇಳಿದ್ದೇ ಇಲ್ಲ. ಯಾರಿಗೂ ಅರ್ಥವಾಗಲಿಲ್ಲ.

“ಏನಾಯ್ತು?” ಎಂದಳು ಇಸ್ತ್ರಿಯಕ್ಕ. ಯಾರಿಗೋ ಏನೋ ಆಯಿತೆಂದೇ ಅವಳು ತಿಳಿದದ್ದು.

“ಜಾಗ ಆಯ್ತು. ಅಣ್ಣನ ಮನೇಲಿ. ಮೆಟ್ಟಿಲ ಕೆಳಗೆ ಒಂದು ಕೋಣೆ ಇದೆ, ಖಾಲಿ ಮಾಡಿ ಕೊಡ್ತೀನಿ ಅಂದ. ಚಿಕ್ಕದೇ. ಆದ್ರೆ ಕಿಟಕಿ ಇದೆ.” ಇಷ್ಟು ಮಾತು ಒಟ್ಟಿಗೆ ಆಡಿ ಅಭ್ಯಾಸವಿಲ್ಲದೆ ಅವನಿಗೆ ಏದುಸಿರು ಬಂತು. “ಕಾಲೇಜಿಗೆ ನಡ್ಕೊಂಡೇ ಹೋಗಬಹುದು. ನಾನು ನಡೆದು ನೋಡಿದೆ.”

ಅಜ್ಜಿ ಗೋಡೆ ಹಿಡಿದು ಎದ್ದಳು. “ಯಾವ ಅಣ್ಣ? ನನ್ನ ಮಗನಾ? ನನ್ನ ಮಗನ ಮನೆಗೆ ಹೋಗಿದ್ಯೇನೋ?”

“ಮೂರು ಸಲ ಹೋದೆ ಅಮ್ಮ. ಮೊದಲನೇ ಸಲ ಮನೇಲಿಲ್ಲ ಅಂದ್ರು. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು. ಹೋದವಾರ ಬಾಗಿಲು ತೆಗೆದ, ನನ್ನ ನೋಡಿ ಹಾಕ್ಕೊಂಡ. ಇವತ್ತು ಬ್ರೆಡ್ಡು ಕೈಗೇ ಕೊಟ್ಟೆ. ಅಪ್ಪನ ಭಟ್ಟೀದು ಅಂದೆ. ಅಷ್ಟೇ ಅಂದಿದ್ದು. ನಿಂತಲ್ಲೇ ಮುರಿದು ತಿಂದ. ಆಮೇಲೆ ಅಳ್ತಾ ಕೂತ್ಕೊಂಡ. ಭಾನುವಾರ ನಿನ್ನ ನೋಡೋಕೆ ಬರ್ತಾನೆ.”

ಅಜ್ಜಿ ಗೊಳೋ ಎಂದು ಅತ್ತಳು. ಅಳುತ್ತಲೇ ಮಗನ ಬೆನ್ನಿಗೆ ಗುದ್ದಿದಳು. “ಹೇಳಬಾರದೇನೋ ಪಾಪಿ? ಒಂದು ಮಾತು ಹೇಳಬಾರದೇನೋ?”

“ಏನಂತ ಹೇಳ್ಲಿ? ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲೀಲಾ? ಅವನು ಆಗಲ್ಲ ಅಂದಿದ್ರೆ ನಿನಗೆ ಇನ್ನೊಂದು ಸಲ ಸಾವು.” ಅವನು ಮಗಳ ಕಡೆ ತಿರುಗಿದ. ಮುಖದಲ್ಲಿ ನಗುವಿನಂಥದ್ದೊಂದು ಬರುತ್ತಾ ಇತ್ತು. “ಬಟ್ಟೆ ಪುಸ್ತಕ ಎಲ್ಲ ಕಟ್ಕೊಳ್ಳಮ್ಮ. ಅಟ್ಟದ ಮೇಲಿರೋದನ್ನ ನಾನು ಇಳಿಸಿ ಕೊಡ್ತೀನಿ.”

ಗೂಬೆ ತಾಯಿಯನ್ನು ನೋಡಿದಳು. ಎಷ್ಟೋ ವರ್ಷಗಳಿಂದ ಅಪ್ಪನ ಮಾತನ್ನು ತಂದು ತನಗೆ ಹೇಳಿದ ತಾಯಿ ಈಗ ತನ್ನ ಮಾತನ್ನು ಅಪ್ಪನಿಗೆ ಮುಟ್ಟಿಸಲಿ ಎನ್ನುವ ಹಾಗೆ ನೋಡಿದಳು.

“ಆಯ್ತು ರೀ” ಎಂದಳು ಇಸ್ತ್ರಿಯಕ್ಕ. “ಮುಗಿದೇ ಹೋಯ್ತು. ಇವತ್ತು ಸಂಜೆ ಐದಕ್ಕೇ ಕೊನೆ ಇತ್ತು. ಶೆಡ್ಡು ಒತ್ತಿಬಿಟ್ಟಳು.”

ಬ್ರೆಡ್ಡಣ್ಣ ಗೋಡೆಯ ಗಡಿಯಾರ ನೋಡಿದ. ಏಳು ದಾಟಿತ್ತು. “ಕೊನೆ ಇದೆ ಅಂತ ನನಗೆ ಯಾರೂ ಹೇಳ್ಲಿಲ್ವಲ್ಲ” ಎಂದ. ಬೈಗುಳವಾಗಿರಲಿಲ್ಲ ಅದು. ಬೈದಿದ್ದರೆ ಇಸ್ತ್ರಿಯಕ್ಕ ಬದುಕಿಕೊಳ್ಳುತ್ತಿದ್ದಳು.

ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅಜ್ಜಿ ಒಂದು ಕಣ್ಣಲ್ಲಿ ಮಗನಿಗಾಗಿ, ಇನ್ನೊಂದರಲ್ಲಿ ಮೊಮ್ಮಗಳಿಗಾಗಿ ಅಳುತ್ತಾ ಮಲಗಿದಳು. ಬ್ರೆಡ್ಡಣ್ಣ ಬೇಕರಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ನಾಳೆ ಭಟ್ಟಿಗೆ ಬರುವುದಿಲ್ಲವೆಂದು ಹೇಳಿ ಬಂದ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ, ಅಮ್ಮ, ಮಗಳು ಮೂವರೂ ಗಡಿಯಾರದ ಕಾಲೇಜಿಗೆ ಹೊರಟರು. ಗೂಬೆ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಳು. ಗಂಡಹೆಂಡಿರು ಹಿಂದೆ. ಬಹಳ ದೂರ ಹೋದ ಮೇಲೆ ಇಸ್ತ್ರಿಯಕ್ಕನಿಗೆ ತಡೆಯಲಾಗಲಿಲ್ಲ.

“ನೀವು ನೋಡೋಣ ಅಂದ್ರಿ. ನೋಡೋಣ ಅಂದ್ರೆ ಇಲ್ಲ ಅಂತ ಅಲ್ವೇನ್ರಿ?”

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಇಲ್ಲ ಅಂತ ಯಾಕಾಗುತ್ತೆ? ನೋಡೋಣ ಅಂದ್ರೆ ನೋಡೋಣ ಅಂತ.”

“ಮತ್ತೆ ಸೈಕಲ್ಲು?”

“ಮಾಲೀಕರ ಮಗನ ಹಳೇದು ಕೇಳಿದ್ದೆ. ಕೊಡ್ತೀನಿ ಅಂದ್ರು. ಆಮೇಲೆ ಬೇರೆಯವರಿಗೆ ಕೊಟ್ರು.”

ಇಸ್ತ್ರಿಯಕ್ಕ ಕೇಳಲೇ ಬೇಡವೇ ಎಂದು ತೂಗಿದಳು. “ಅಡುಗೆಮನೆ ಕಿಟಕಿ?”

“ಮನೆ ಮಾಲೀಕರ ಹತ್ರ ಎರಡು ಸಲ ಹೋಗಿದ್ದೆ. ಗೋಡೆ ಒಡೆಯೋ ಹಾಗಿಲ್ಲ ಅಂದ್ರು.” ಅವನು ಮುಂದಿನ ಸೀಟಿನ ಕಂಬಿಯನ್ನು ಬೆರಳಿನಿಂದ ತಟ್ಟಿದ. “ಆಗಲಿಲ್ಲ ಅಂತ ಬಂದು ಹೇಗೆ ಹೇಳೋದು ನಿನಗೆ? ಇನ್ನೊಂದು ಸಲ ಕೇಳಿದ್ರೆ ಹೇಳೋಣ ಅಂತಿದ್ದೆ. ನೀನು ಕೇಳಲೇ ಇಲ್ಲ.”

ಇಸ್ತ್ರಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಈ ಮನುಷ್ಯನ ಒಂದೇ ಒಂದು ಮಾತನ್ನು ತಾನು ತಪ್ಪಾಗಿಯೇ ಓದಿಕೊಂಡು ಬಂದೆ, ಮಗಳಿಗೂ ತಪ್ಪಾಗಿಯೇ ಓದಿಸಿದೆ ಎಂಬ ಸಂಕಟಕ್ಕೆ ಅವಳು ಮುಂದಿನ ಸೀಟಿಗೆ ಹಣೆ ಒತ್ತಿ ಬಗ್ಗಿದಳು. ಬಸ್ಸಿನ ಅಲುಗಾಟಕ್ಕೆ ವಾಂತಿ ಬರುತ್ತಿದೆಯೇನೋ ಎಂದು ಕಂಡಕ್ಟರ್ ಒಂದು ಚೀಲ ತಂದುಕೊಟ್ಟ.

ಗಡಿಯಾರದ ಕಾಲೇಜು ಹೇಳಿದ್ದಕ್ಕಿಂತ ದೊಡ್ಡದಿತ್ತು. ಕಚೇರಿಯ ಕಿಟಕಿಯ ಒಳಗೆ ತೆಳ್ಳಗಿನ ಗುಮಾಸ್ತನೊಬ್ಬ ಕೂತಿದ್ದ. ಒಳ್ಳೆಯವನೇ. ಗೂಬೆ ಹೇಳಿದ್ದನ್ನು ಪೂರ್ತಿ ಕೇಳಿದ, ಕಂಪ್ಯೂಟರಿನಲ್ಲಿ ನೋಡಿದ, ತುಟಿ ಕಚ್ಚಿಕೊಂಡ.

“ನೀನೇ ಬಿಟ್ಟಿದ್ದೀಯಲ್ಲಮ್ಮ. ಬಿಟ್ಟ ಸೀಟು ತಕ್ಷಣ ಮುಂದಿನವರಿಗೆ ಹೋಗುತ್ತೆ. ಪಟ್ಟಿಯಲ್ಲಿ ನಿನ್ನ ನಂತರ ಇದ್ದ ಹುಡುಗಿ ಬೆಳಿಗ್ಗೇನೇ ಬಂದು ಸೇರ್ಕೊಂಡಳು.”

“ಸಾರ್, ತಪ್ಪು ಅವಳದ್ದಲ್ಲ” ಎಂದಳು ಇಸ್ತ್ರಿಯಕ್ಕ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ನಾನು ತಪ್ಪಾಗಿ ಹೇಳಿದೆ ಸಾರ್. ಇವರು ಹೇಳಿದ್ದೊಂದು, ನಾನು ತಿಳ್ಕೊಂಡಿದ್ದೊಂದು. ಮಗೂದೇನೂ ತಪ್ಪಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಬಿಡಿ, ಹಾಗೆಲ್ಲ ಮಾಡಬೇಡಿ. ನನ್ನ ಕೈಲಿ ಏನಿದೆ?” ಗುಮಾಸ್ತ ಮುಜುಗರದಿಂದ ಅತ್ತಿತ್ತ ನೋಡಿದ. ಅವಳ ಮುಖ ನೋಡಲಾರದೆ ಕಾಗದಗಳನ್ನು ಜೋಡಿಸಿದ. “ಯಾರಾದ್ರೂ ಬಿಟ್ಟು ಹೋದ್ರೆ... ನೋಡೋಣ.”

ಇಸ್ತ್ರಿಯಕ್ಕನ ಕೈ ಸರಳಿನಿಂದ ಜಾರಿತು. ಗೂಬೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದಾಗಿತ್ತು. ತಾಯಿ ಮಗಳಿಗೆ ಆ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಗುಮಾಸ್ತ ಹೇಳಿದ್ದರಲ್ಲಿ ಅದಕ್ಕೆ ‘ಇಲ್ಲ’ ಎಂಬ ಒಂದೇ ಅರ್ಥವಿತ್ತು.

ಬಾಗಿಲ ಬಳಿ ಗೂಬೆ ತಿರುಗಿ ನೋಡಿದಳು. ಅಪ್ಪ ಬರಲಿಲ್ಲ. ಗೋಡೆಯ ಪಕ್ಕದ ಬೆಂಚನ್ನು ಕೈಯಿಂದ ಒರೆಸಿ, ಅಂಗಿ ಕೆಳಗೆಳೆದುಕೊಂಡು, ನೆಟ್ಟಗೆ ಕೂತಿದ್ದ.

“ಅಪ್ಪ, ಏಳಿ. ಹೋಗೋಣ.”

“ಯಾಕೆ?” ಎಂದ ಬ್ರೆಡ್ಡಣ್ಣ. ಅವನ ಮುಖ ರಾತ್ರಿಯಿಂದ ಮೊದಲ ಸಲ ಸ್ವಲ್ಪ ಸಡಿಲವಾಗಿತ್ತು. “ನೋಡೋಣ ಅಂದ್ರಲ್ಲಮ್ಮ.”

ಗೂಬೆ ಕನ್ನಡಕ ತೆಗೆದಳು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಳು. ತಾಯಿಯ ಕಡೆ ತಿರುಗಿದಳು. ನೀನೇ ಹೇಳು ಎಂಬ ಹಾಗೆ.

ಇಸ್ತ್ರಿಯಕ್ಕ ಬಾಯಿ ತೆರೆದಳು. ಆ ಮಾತನ್ನು ಹೇಗೆ ಹೇಳುವುದೋ ಅವಳಿಗೆ ತಿಳಿಯಲಿಲ್ಲ. ಹೋಗಿ ಗಂಡನ ಪಕ್ಕ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮಗಳೂ ಬಂದು ಆ ಕಡೆ ಕೂತಳು. ಊಟದ ಹೊತ್ತಾಯಿತೆಂದು ಗುಮಾಸ್ತ ಕಿಟಕಿಯ ಬಾಗಿಲು ಎಳೆದುಕೊಂಡ. ಬ್ರೆಡ್ಡಣ್ಣ ಅದರ ಮೇಲಿಟ್ಟ ಕಣ್ಣು ತೆಗೆಯದೆ ಕೂತೇ ಇದ್ದ.